ದೊಡ್ಡಜ್ಜಿಯ ಹೊಸ ಮನೆತನ

ಸಿಂಚನಾ, ತೇಜಸ್ಸು, ನಿಮ್ಮ ದೊಡ್ಡಜ್ಜಿ ತನ್ನ ಎಡಗೈಯನ್ನು ಬಾಯಿಯ ಹತ್ತಿರ ತಂದು ಅದರ ಜೊತೆ ಜೋರಾಗಿ ಮಾತಾಡುತ್ತಿದ್ದಳು. ಚಾಮರಾಜನಗರದಲ್ಲಿ ಬೆಳೆಯುತ್ತಿರುವ ನಿಮಗೆ ಇದು ವಿಚಿತ್ರವಲ್ಲ. ನಮ್ಮ ತೆರಕಣಾಂಬಿಯ ಬೀದಿಯಲ್ಲಿ ಮೊದಲ ಸಲ ಕಂಡವರಿಗೆ ಮಾತ್ರ ಗಾಬರಿಯಾಗಿತ್ತು. ನಲ್ಲಿಯ ಹತ್ತಿರ ನಿಂತಿದ್ದ ಪುಟ್ಟತಾಯಮ್ಮ ಕೊಡ ಕೆಳಗಿಟ್ಟು, "ಯಾಕಮ್ಮಿ, ನಿಮ್ಮಕ್ಕ ಕೈ ಮೂಸ್ಕೊಂಡು ಮೂಸ್ಕೊಂಡು ಬೈತಾವ್ಳೆ?" ಎಂದು ನನ್ನನ್ನು ಕೇಳಿದಳು. ಭಾವ ಹೋದ ಮೇಲೆ ಹನ್ನೆರಡು ವರ್ಷ ಬೋಳಾಗಿದ್ದ ಕೈಗೆ ಅವಳು ಫೋನಿನ ಮಾತು ಕೇಳಿಸುವ ಕರಿಯ ಚೌಕದ ಗಡಿಯಾರ ಕಟ್ಟಿಕೊಂಡಿದ್ದಳು. ನನ್ನ ಕೈಯೂ ಬೋಳೇ. ಅದನ್ನು ಸೆರಗಿನೊಳಗೆ ಎಳೆದುಕೊಂಡು ಒಳಗೆ ಹೋದೆ.

ಅವಳ ಹೆಸರು ಗೌರಮ್ಮ. ನಿಮ್ಮ ತಾತನ ಅಣ್ಣನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ಅವಳು ಈ ಮನೆಗೆ ಬಂದ ನಾಲ್ಕು ವರ್ಷಕ್ಕೆ ನಾನು ಕುದೇರಿನಿಂದ ಸೊಸೆಯಾಗಿ ಬಂದೆ. ಅವಳು ಎಸ್ಸೆಸ್ಸೆಲ್ಸಿ ಪಾಸು. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತವಳು. ಅವಳಿಗೆ ಅಂಗನವಾಡಿ ಕೆಲಸ ಸಿಕ್ಕಿತು, ನನಗೆ ಹೊಲ ಸಿಕ್ಕಿತು. ಅಧಿಕಾರಿಗಳು ಜೀಪಿನಲ್ಲಿ ಬಂದರೆ ಅವಳು ಕುರ್ಚಿ ಎಳೆದು ಕೊಟ್ಟು ಎದುರಿಗೇ ನಿಂತು ಉತ್ತರ ಹೇಳುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು ಕಾಫಿ ಲೋಟ ಮಾತ್ರ ಮುಂದೆ ಚಾಚುತ್ತಿದ್ದೆ. ಒಂದೇ ಅಂಗಳ, ಎರಡು ಒಲೆ, ನಡುವೆ ಒಂದು ಗೋಡೆ. ಆ ಗೋಡೆ ತೆಳ್ಳಗಿತ್ತು. ಅವಳು ನಗುವುದೆಲ್ಲ ನನಗೆ ಕೇಳಿಸುತ್ತಿತ್ತು.

ಅವಳಿಗೆ ಮಕ್ಕಳಾಗಲಿಲ್ಲ. ನನಗೆ ನಿಮ್ಮ ಅಮ್ಮ ಒಬ್ಬಳೇ. ನಾನು ಹೊಲಕ್ಕೆ ಹೋದರೆ ನಿಮ್ಮ ಅಮ್ಮ ಅಂಗನವಾಡಿಯಲ್ಲಿ ಅವಳ ಸೊಂಟದ ಮೇಲೆ ಇರುತ್ತಿದ್ದಳು. ಮಗು ಮೊದಲು "ಅವ್ವ" ಎಂದದ್ದು ನಮ್ಮಿಬ್ಬರಲ್ಲಿ ಯಾರಿಗೆ ಎಂಬುದು ಬಹುಕಾಲ ತೀರ್ಮಾನವಾಗಿರಲಿಲ್ಲ. ಗೌರಕ್ಕ ತನಗೇ ಎನ್ನುತ್ತಿದ್ದಳು. ನಾನು ಎದುರು ಮಾತಾಡುತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ದಿನಕ್ಕೊಂದು ಸಲ ಆ ಜಗಳ ಆಡಿ ಗೆಲ್ಲುತ್ತಿದ್ದೆ.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು. ಇದನ್ನು ನಿಮಗೆ ಮುಚ್ಚಿಟ್ಟು ಅವಳ ಬಗ್ಗೆ ಬರೆಯಲು ಆಗುವುದಿಲ್ಲ. ಅವಳು ಒಳ್ಳೆಯವಳಾಗಿದ್ದುದರಿಂದ ಅದು ಕಡಿಮೆಯೇನೂ ಆಗಲಿಲ್ಲ, ಇನ್ನೂ ಹೆಚ್ಚಾಯಿತು.

ನಮ್ಮ ಬೀದಿಯಲ್ಲಿ ಮೊದಲು ಟಚ್ ಫೋನು ತಂದವಳು ಅವಳೇ. ನೀವಿಬ್ಬರೂ ಹುಟ್ಟಿದಾಗ ಬಾಣಂತನ ನಡೆದದ್ದು ಈ ಮನೆಯಲ್ಲಿ. ನಿಮ್ಮ ಅಮ್ಮನ ಹತ್ತಿರ ಆಗ ನನ್ನಂಥದೇ ಬಟನ್ ಫೋನು. ಹಾಗಾಗಿ ನಿಮ್ಮ ಎಣ್ಣೆ ನೀರು, ತೊಟ್ಟಿಲು, ಮೊದಲ ಹಲ್ಲು, ಮೊದಲ ಹೆಜ್ಜೆ ಎಲ್ಲವೂ ಅವಳ ಫೋನಿನಲ್ಲೇ ಇದ್ದವು. ನೀವು ಚಾಮರಾಜನಗರಕ್ಕೆ ಹೋದ ಮೇಲೆ ಭಾನುವಾರದ ವಿಡಿಯೊ ಕಾಲು ಬರುತ್ತಿದ್ದುದೂ ಅವಳ ಫೋನಿಗೇ. ಅವಳು ಫೋನನ್ನು ಮುಖದ ಮುಂದೆ ಹಿಡಿದು ಅಂಗಳದ ನಡುವೆ ನಿಲ್ಲುತ್ತಿದ್ದಳು. ನಾನು ಪಕ್ಕದಲ್ಲಿ ನಾಚಿಕೊಂಡು ನಿಲ್ಲುತ್ತಿದ್ದೆ. ನನ್ನದು ಒಂದು ಕಿವಿಯೋ ಅರ್ಧ ಹಣೆಯೋ ಬರುತ್ತಿತ್ತು ಅಷ್ಟೆ.

"ಒಸಿ ಮುಂದಕ್ ಬಾ ಕಣಮ್ಮಿ, ಮಕ್ಳೇನ್ ನಿನ್ನ ಕಚ್ಚವಾ?" ಎಂದು ಅವಳು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಎಳೆದಷ್ಟೂ ನಾನು ಹಿಂದೆ ಸರಿಯುತ್ತಿದ್ದೆ. ತೇಜಸ್ಸು, ನೀನು ಒಂದು ಸಲ, "ದೊಡ್ಡಜ್ಜೀ, ನಿನ್ ಪಕ್ಕದಲ್ಲಿ ಯಾರು?" ಎಂದು ಕೇಳಿದೆ. ನಿನಗಾಗ ಮೂರು ವರ್ಷ, ತಪ್ಪು ನಿನ್ನದಲ್ಲ. ಆದರೆ ಅಂದು ನನಗೆ ಅನ್ನ ಇಳಿಯಲಿಲ್ಲ.

ಕೆಲಸದಿಂದ ನಿವೃತ್ತಿಯಾದ ಮೇಲೆ ಗೌರಕ್ಕನಿಗೆ ಹೊಸ ಹುಚ್ಚು ಹಿಡಿಯಿತು. ಹಳೆಯ ಫೋನು ನಿಧಾನವಾಗಿತ್ತು. ಗುಂಡ್ಲುಪೇಟೆಯ ಅಂಗಡಿಯೊಂದರಲ್ಲಿ ಬೇರೆ ಕಂಪನಿಯ ಸಾಮಾನು ನೋಡಿಕೊಂಡು ಬಂದಳು. ಫೋನು, ಕೈಗೆ ಗಡಿಯಾರ, ಕಿವಿಗೆ ಸಿಕ್ಕಿಸುವ ಎರಡು ಬಿಳಿ ಬೀಜ, ಸ್ಲೇಟಿನಂಥ ಒಂದು ಟ್ಯಾಬು. ಎಲ್ಲ ಒಂದೇ ಕಂಪನಿಯವು. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ನನಗೆ ವಿವರಿಸಿದಳು.

"ಇವೆಲ್ಲ ಒಂದೇ ಮನೆತನದವು ಕಣಮ್ಮಿ. ಫೋನೇ ಯಜಮಾನ. ಗಡಿಯಾರ ಸೊಸೆ, ಮಾವ ಕೆಮ್ಮಿದ್ರೆ ಇವಳಿಗ್ ಗೊತ್ತಾಯ್ತದೆ. ಕಿವೀಗಾಕೋವು ಅವಳಿ ಮಕ್ಳು, ಒಂದ್ ಕಳ್ದೋದ್ರೆ ಇನ್ನೊಂದು ಅಳ್ತಾ ಕೂತ್ಕತದೆ. ಒಬ್ರ ಮಾತ್ನ ಒಬ್ರು ಕೇಳ್ತವೆ. ನಮ್ಮನೆ ಅಂಗಲ್ಲ."

"ಹಳೇದು ಚೆನ್ನಾಗೇ ಅದಲ್ಲಕ್ಕ," ಎಂದೆ.

"ಚೆನ್ನಾಗಿದ್ರೆ ಏನು? ಹೊಸ ಮನೆತನಕ್ಕೆ ಓಯ್ತಿನಿ. ಮದ್ವೆ ಮಾಡ್ಕೊಂಡಂಗೆ ಅನ್ಕೊ. ತವರಿಂದ ತರೋದ್ನೆಲ್ಲ ಗಾಡಿ ಮೇಲೆ ಏರ್ಕೊಂಡ್ ಬರೋದು."

ತವರಿಂದ ತರುವುದು ಎಂದರೆ ನಿಮ್ಮ ಚಿತ್ರಗಳು. ಅವು ಹಳೆಯ ಕಂಪನಿಯ ಖಾತೆಯಲ್ಲಿದ್ದವು. ಹೊಸ ಫೋನಿಗೆ ದಾಟಿಸಬೇಕಾದರೆ ಆ ಖಾತೆಯ ಬೀಗ ತೆಗೆಯಬೇಕು. ಅದಕ್ಕೆ ಆರು ಅಂಕಿಯ ಒಂದು ನಂಬರು ಮೆಸೇಜಿನಲ್ಲಿ ಬರುತ್ತದೆ. ಅದು ಬರುವುದು ನನ್ನ ಬಟನ್ ಫೋನಿಗೆ. ಯಾಕೆಂದರೆ ಖಾತೆ ತೆರೆದ ಕಾಲದಲ್ಲಿ ನಂಬಿಕಸ್ತರ ನಂಬರು ಒಂದು ಬೇಕೆಂದು ಕೇಳಿದಾಗ, ಅವಳು ಯೋಚನೆಯೇ ಮಾಡದೆ ನನ್ನದನ್ನು ಕೊಟ್ಟಿದ್ದಳು.

ಅವಳು ಗುಂಡ್ಲುಪೇಟೆಗೆ ಹೋದ ದಿನ ಬೆಳಗಿನ ಬಸ್ಸಿಗೇ ಹೊರಟಳು. ಹಸಿರು ಸೀರೆ, ತಲೆಗೆ ಹೂ ಇಲ್ಲ ಎಂಬುದೊಂದು ಬಿಟ್ಟರೆ ನಿಜವಾಗಿ ಮದುವಣಗಿತ್ತಿಯ ಹಾಗೇ ಇದ್ದಳು. "ಫೋನ್ ಮಡಿಲಾಗೇ ಮಡಿಕ್ಕಂಡಿರು, ನಂಬರ್ ಬರ್ತದೆ," ಎಂದು ಎರಡು ಸಲ ಹೇಳಿದಳು. ನಾನು ಕಣದಲ್ಲಿ ಬೇಯಿಸಿದ ಅರಿಶಿನ ಹರವುತ್ತಿದ್ದೆ. ಹನ್ನೊಂದು ಗಂಟೆಗೆ ಫೋನು ಟಿಣ್ ಎಂದಿತು. ಸೆರಗಿಗೆ ಕೈ ಒರೆಸಿಕೊಂಡು ನೋಡಿದೆ. ಆರು ಅಂಕಿ. ಹಿಂದೆಯೇ ಅವಳ ಕರೆ ಬಂತು.

"ಅಮ್ಮಿ, ಬಂತಾ? ಓದು."

ನನಗೆ ಅಂಕಿ ಓದಲು ಬರುತ್ತದೆ. ಅದು ಅವಳಿಗೂ ಗೊತ್ತು. ಫೋನಿನಲ್ಲಿ ಅಂಗಡಿಯ ಸದ್ದು ಕೇಳುತ್ತಿತ್ತು, ಯಾರೋ ಮಲಯಾಳದಲ್ಲಿ ಮಾತಾಡುತ್ತಿದ್ದರು, ಅವಳು ಅವರಿಗೂ ಏನೋ ಹೇಳಿ ನಗಿಸುತ್ತಿದ್ದಳು. ಅಲ್ಲಿಯೂ ಎಲ್ಲರನ್ನೂ ಗೆದ್ದುಬಿಟ್ಟಿದ್ದಾಳೆ ಎನಿಸಿತು. ಮನೆಗೆ ಬಂದ ಮೇಲೆ ಗಡಿಯಾರದಲ್ಲೂ ನೀವು, ಸ್ಲೇಟಿನಲ್ಲೂ ನೀವು, ಕಿವಿಯಲ್ಲೂ ನಿಮ್ಮ ಧ್ವನಿ. ನನಗೆ ಉಳಿಯುವುದೇನು? ಆ ಚಿತ್ರಗಳೆಲ್ಲ ಇಲ್ಲದಿದ್ದರೆ ಅವಳೂ ನನ್ನ ಹಾಗೆ ಬರಿಗೈಯವಳೇ ಆಗುತ್ತಾಳಲ್ಲ ಎಂದು ಆ ಒಂದು ಗಳಿಗೆ ಅನ್ನಿಸಿತು.

"ಏನೂ ಬಂದಿಲ್ಲ ಕಣಕ್ಕ," ಎಂದೆ.

"ಸರ್ಯಾಗ್ ನೋಡಮ್ಮಿ. ಈ ಅಂಗ್ಡಿ ಹೆಣ್ ಮಗ ಮೆಸೇಜ್ ಓಗ್ಯದೆ ಅಂತಾವ್ಳೆ."

"ಬಂದಿಲ್ಲ."

ಇನ್ನೂ ಎರಡು ಸಲ ಕಳಿಸಿದರು. ಎರಡೂ ಬಂದವು. ಎರಡು ಸಲವೂ ಇಲ್ಲವೆಂದೆ. ಯಾರಾದರೂ ಕೇಳಿದರೆ, ಫೋನಿಗೆ ಬಂದ ನಂಬರನ್ನು ಯಾರಿಗೂ ಹೇಳಬಾರದೆಂದು ಬ್ಯಾಂಕಿನವರು ಹೇಳಿದ್ದಾರಲ್ಲ ಎನ್ನುವ ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಸಂಜೆ ಅವಳು ಬಂದು ಜಗಲಿಯ ಮೇಲೆ ಕುಳಿತಳು. ಬಿಳಿಯ ಡಬ್ಬಿಗಳೆಲ್ಲ ಚೀಲದಲ್ಲೇ ಇದ್ದವು. ಹಳೆಯ ಫೋನನ್ನು ಅಂಗಡಿಯವರು ಬದಲಿಗೆ ತೆಗೆದುಕೊಂಡು ಮೊದಲೇ ಪೂರ್ತಿ ಅಳಿಸಿಬಿಟ್ಟಿದ್ದರು. ಮೂರು ಸಲ ನಂಬರು ಹಾಕದ್ದಕ್ಕೆ ಖಾತೆ ಬಾಗಿಲು ಹಾಕಿಕೊಂಡಿತ್ತು. ಇನ್ನು ಅದನ್ನು ತೆಗೆಯಲು ಆಗುವುದಿಲ್ಲವಂತೆ. ಅವಳು ಅಳಲಿಲ್ಲ. "ಎಲ್ಲಾ ಓಯ್ತು ಕಣಮ್ಮಿ. ತವರ ಗಾಡಿ ದಾರೀಲೇ ಮೊಗಚ್ಕೊಂಡ್ಬುಡ್ತು," ಎಂದಳು. ನಾನು ಒಳಗೆ ಹೋಗಿ ಕಾಫಿ ಕಾಸಿದೆ. ಹಾಲು ಒಡೆದಿದ್ದನ್ನೂ ನೋಡದೆ ಹಾಗೇ ಬೆರೆಸಿ ಕೊಟ್ಟೆ. ಅವಳು ಕುಡಿದಳು.

ಇದಾದ ಮೇಲಾದರೂ ನನ್ನ ಕಿಚ್ಚು ಆರಬೇಕಿತ್ತು. ಆರಲಿಲ್ಲ. ಹೊಸ ಮನೆತನ ಬರಿಗೈಯಲ್ಲಿ ಬಂದರೂ ನೀವು ಅದಕ್ಕೆ ಮರುಳಾದಿರಿ. ಆ ಗಡಿಯಾರ ಹೆಜ್ಜೆ ಎಣಿಸುತ್ತಿತ್ತು. ಸಿಂಚನಾ, ನೀನು ಪಂದ್ಯ ಕಟ್ಟಿದೆ. ಅಮ್ಮ, ನೀನು, ದೊಡ್ಡಜ್ಜಿ, ಮೂವರಲ್ಲಿ ಯಾರು ದಿನಕ್ಕೆ ಹೆಚ್ಚು ನಡೆಯುತ್ತಾರೆ ಎಂದು. ಗೌರಿಹಬ್ಬದ ಹಿಂದಿನ ದಿನ ಗೌರಕ್ಕ ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಹೂ ಕಟ್ಟಿದಳು. ಸೇವಂತಿಗೆ, ಕನಕಾಂಬರ, ಮೊಳದ ಮೇಲೆ ಮೊಳ. ಒಂದೊಂದು ಗಂಟಿಗೂ ಕೈ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಗಡಿಯಾರ ಅದನ್ನೆಲ್ಲ ಹೆಜ್ಜೆ ಎಂದುಕೊಂಡಿತು. ಸಂಜೆ ನಿನ್ನ ಕರೆ ಬಂತು.

"ದೊಡ್ಡಜ್ಜೀ! ಹನ್ನೊಂದು ಸಾವಿರ! ಎಲ್ಲಿಗ್ ಹೋಗಿದ್ದೆ?"

ನಾನು ಆಗತಾನೆ ಹೊಲದಿಂದ ಎರಡನೆಯ ಹೊರೆ ಹುಲ್ಲು ಹೊತ್ತು ಬಂದು ಇಳಿಸುತ್ತಿದ್ದೆ. ಹೊಲ ಒಂದೂವರೆ ಮೈಲಿ. "ಅವ್ಳು ಎದ್ದೇ ಇಲ್ಲ, ಕೂತೇ ಇದ್ಳು," ಎಂದು ಅಲ್ಲಿಂದಲೇ ಕೂಗಿದೆ. ಜನ್ಮದಲ್ಲಿ ಒಂದು ಸಲ ಕೂಗಿದ್ದು ಅದು. ನಿಮಗೆ ಕೇಳಿಸಲಿಲ್ಲ. ಗೌರಕ್ಕನಿಗೆ ಕೇಳಿಸಿತು. ಅವಳು ನಕ್ಕೂ ನಕ್ಕೂ ಹೂವಿನ ಬುಟ್ಟಿ ಉರುಳಿಸಿದಳು. ಮರುದಿನ ನನ್ನ ಕೈ ಹಿಡಿದು ಗಡಿಯಾರ ಕಟ್ಟಿದಳು. "ಓಗು, ಇವತ್ತು ನೀನೇ ಗೆಲ್ಲು," ಎಂದಳು.

ನಾನು ಗೊಬ್ಬರದ ಬುಟ್ಟಿ ಹೊತ್ತು, ಬೇಕೆಂದೇ ಸುತ್ತುದಾರಿ ಹಿಡಿದು ಹೊಲಕ್ಕೆ ಹೋದೆ. ಹುಲ್ಲಿನ ಹೊರೆ ಹೊತ್ತು ಬಂದೆ. ನೋಡಿದರೆ ಎಂಟುನೂರು ಚಿಲ್ಲರೆ. ಹೋಗುವಾಗಲೂ ಬರುವಾಗಲೂ ತಲೆಯ ಮೇಲಿನ ಹೊರೆಯನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದೆನಲ್ಲ, ಕೈ ಅಲ್ಲಾಡಿರಲಿಲ್ಲ.

"ಈ ಸೊಸೆ ಕೂತೋರ್ ಕೆಲ್ಸ ಎಣಿಸ್ತಾಳೆ, ಒರೆ ಒತ್ತೋರ್ದು ಎಣ್ಸಕಿಲ್ಲ. ನಮ್ ಅತ್ತೆ ಇದ್ದಂಗವ್ಳೆ," ಎಂದಳು ಗೌರಕ್ಕ. ನನಗೆ ನಗು ಬರಲಿಲ್ಲ. ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟೆ. ಮುಂದಿನ ಭಾನುವಾರ ಅವಳು ನಿಮಗೆ ನಡೆದದ್ದನ್ನೆಲ್ಲ ಹೇಳಿ, ಬಹುಮಾನ ಅಜ್ಜಿಗೆ ಸೇರಬೇಕೆಂದಳು. ನೀವು ಚಪ್ಪಾಳೆ ತಟ್ಟಿದಿರಿ. ಆದರೆ ಚಪ್ಪಾಳೆಯೂ ಅವಳ ಕೈಯಿಂದಲೇ ನನಗೆ ಬರಬೇಕೇ ಎಂದು ಅದಕ್ಕೂ ಉರಿದುಕೊಂಡೆ.

ದೀಪಾವಳಿ ಕಳೆದ ಮೇಲೆ ಅವಳು ಒಂದು ಹೊಸ ಪದ್ಧತಿ ಶುರುಮಾಡಿದಳು. ಮಧ್ಯಾಹ್ನ ಊಟ ಮುಗಿಸಿ ನನ್ನ ಕಡೆ ಬಂದು ಟ್ಯಾಬನ್ನು ಗೋಡೆಗೆ ಒರಗಿಸಿಟ್ಟು, "ಯೋಳು," ಎನ್ನುತ್ತಿದ್ದಳು.

"ಏನ್ ಯೋಳ್ಲಿ?"

"ಕಳ್ದೋದ್ ಪಟದಾಗೆ ಏನೇನಿತ್ತು ಅಂತ ಯೋಳು. ಒಂದೊಂದಾಗಿ. ಇದು ರೆಕಾರ್ಡ್ ಮಾಡ್ಕತದೆ. ನಾನು ಫೋನ್ ಇಡ್ಕೊಂಡು ಮಗ ಸರ್ಯಾಗ್ ಬಂತಾ, ಬೆಳ್ಕು ಸರ್ಯಾಗದಾ ಅಂತ ನೋಡ್ತಿದ್ದೆ. ಮಗೀನ ನೋಡಿದ್ದು ನೀನು."

ಟ್ಯಾಬಿನ ಮುಖ ನೋಡಿದರೆ ನನಗೆ ಮಾತು ಹೊರಡುತ್ತಿರಲಿಲ್ಲ. ಅವಳು ಅದನ್ನು ನನ್ನ ಬೆನ್ನ ಹಿಂದೆ ಇಟ್ಟಳು. ಆಮೇಲೆ ಹೇಳಿದೆ. ಸಿಂಚನಾ, ನಿನಗೆ ಒಂಬತ್ತು ತಿಂಗಳಾಗಿದ್ದಾಗ ಕಣದಲ್ಲಿ ಹರವಿದ್ದ ಅರಿಶಿನದೊಳಗೆ ಅಂಬೆಗಾಲಿಟ್ಟು ನುಗ್ಗಿ ತಲೆಯಿಂದ ಕಾಲಿನವರೆಗೆ ಹಳದಿಯಾದದ್ದು. ನಾಲ್ಕು ದಿನ ಉಜ್ಜಿದರೂ ಅಂಗಾಲಿನ ಬಣ್ಣ ಹೋಗಲಿಲ್ಲ. ಅದನ್ನು ವಿಡಿಯೊ ಮಾಡುವಾಗ ಅಕ್ಕ ನಗು ತಡೆಯಲಾರದೆ ಕೈ ಅಲ್ಲಾಡಿಸಿ ಅರ್ಧ ವಿಡಿಯೊ ಬರೀ ಆಕಾಶ ಬಂದಿತ್ತು. ತೇಜಸ್ಸು, ನಿನ್ನನ್ನು ನಾನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ನೀನು ಅಳುತ್ತಿರಲಿಲ್ಲ, ನೀರು ನಿಲ್ಲಿಸಿದರೆ ಅಳುತ್ತಿದ್ದೆ. "ಇನ್ನೊಂದ್ ಚೊಂಬು ಉಯ್ಯಿ, ಪಟ ಸರ್ಯಾಗ್ ಬಂದಿಲ್ಲ," ಎಂದು ಅಕ್ಕ ಹೇಳಿ ಹೇಳಿ ಒಂದು ಹಂಡೆ ನೀರು ಖಾಲಿ ಮಾಡಿಸಿದ್ದಳು. ನಿನಗೆ ನೆಗಡಿಯಾಯಿತು, ನಿಮ್ಮ ಅಮ್ಮ ಬೈದದ್ದು ನನಗೆ.

ಹೀಗೆ ಎರಡು ತಿಂಗಳು ಹೇಳಿದೆ. ಅವೆಲ್ಲ ಹೋದದ್ದು ನನ್ನಿಂದ ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಸಂಕ್ರಾಂತಿಯ ಮುಂದೆ ಅವಳಿಗೆ ಉಸಿರಾಟ ಕೆಟ್ಟಿತು. ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಸೇರಿಸಿದರು. ನೀವು ಶಾಲೆ ಬಿಟ್ಟ ಮೇಲೆ ಬಂದು ಅವಳ ಹಾಸಿಗೆಯ ಎರಡು ಪಕ್ಕ ಕುಳಿತಿರುತ್ತಿದ್ದಿರಿ. ಒಂದು ಮಧ್ಯಾಹ್ನ ನೀವು ಶಾಲೆಯಲ್ಲಿದ್ದಾಗ, ನಿಮ್ಮ ಅಮ್ಮ ಮಾತ್ರೆ ತರಲು ಹೋಗಿದ್ದಾಗ, ನಾವಿಬ್ಬರೇ ಇದ್ದೆವು. ಗಂಜಿ ಕುಡಿಸಿ ಲೋಟ ಕೆಳಗಿಟ್ಟು ಹೇಳಿಬಿಟ್ಟೆ.

"ಅಕ್ಕ, ಅವತ್ತು ಆ ನಂಬರು ಬಂದಿತ್ತು."

ಅವಳು ಕಣ್ಣು ತೆರೆಯಲಿಲ್ಲ. "ಗೊತ್ತು."

"ಎಂಗೆ?"

"ನಿನ್ ಫೋನ್ನಾಗೆ ಮೆಸೇಜ್ ತುಂಬ್ಕೊಂಡ್ರೆ ಅಳಿಸ್ಕೊಡೋಳು ಯಾರಮ್ಮಿ? ಮುಂದಿನ್ ವಾರ ನೀನೇ ತಂದ್ ಕೊಟ್ಟೆ. ಮೂರೂ ಸಾಲಾಗ್ ಕೂತಿದ್ದೋ."

ಅಳಿಸುವುದು ನನಗೆ ಬರುವುದಿಲ್ಲ, ಅವಳೇ ಅಳಿಸುತ್ತಿದ್ದಳು. ಬಚ್ಚಿಟ್ಟದ್ದನ್ನು ನಾನೇ ತೆಗೆದುಕೊಂಡು ಹೋಗಿ ಅವಳ ಕೈಗಿಟ್ಟಿದ್ದೆ.

"ಮತ್ತೆ ಕೇಳ್ನೇ ಇಲ್ವಲ್ಲಕ್ಕ?"

"ಕೇಳಿದ್ರೆ ನೀನು ಅಳ್ತಿದ್ದೆ, ನಾನು ಸಮಾಧಾನ ಮಾಡ್ಬೇಕಿತ್ತು. ಮೋಸ ಓಗಿದ್ದೂ ನಾನೆ, ಸಮಾಧಾನ ಮಾಡೋಳೂ ನಾನೇನಾ? ಸುಮ್ಕಾದೆ. ಹದಿನೈದ್ ದಿನ ನೀ ಕಳಿಸಿದ್ ಸಾರ್ನೆಲ್ಲ ನಾಯಿಗಾಕ್ದೆ, ಗೊತ್ತಾ?"

ನಾನು ಅಳುತ್ತಿದ್ದೆ. ಅವಳು ಹೇಳಿದ ಹಾಗೇ ಆಯಿತು. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಅವಳೇ ಮುಂದುವರಿಸಿದಳು. "ನಂಗೂ ಉರಿ ಇತ್ತು ಕಣಮ್ಮಿ. ಅಷ್ಟ್ ಪಟದಾಗೆ ಒಂದ್ರಾಗೂ ನಾನಿರ್ನಿಲ್ಲ. ಎಲ್ಲಾದ್ರಾಗೂ ನಿನ್ ಕಾಲು, ನಿನ್ ಮಡ್ಲು, ನಿನ್ ಕೈ. ಮಗ ನಿನ್ ಮೇಲೆ, ನಾನು ಆಚೆಗೆ ನಿಂತ್ಕೊಂಡು ಕ್ಲಿಕ್ ಅನ್ನಿಸ್ತಿದ್ದೆ. ಆಮ್ಯಾಕೆ ನಿನ್ ಕೈಲಿ ಯೋಳ್ಸುವಾಗ ನೋಡ್ದೆ, ಮಾತಿಗೊಂದ್ಸಲ ಅಕ್ಕ ನಕ್ಳು, ಅಕ್ಕ ಬೈದ್ಳು, ಅಕ್ಕ ನೀರ್ ಉಯ್ಯಿ ಅಂದ್ಳು ಅಂತಿದ್ದೆ. ಪಟದಾಗ್ ಇಲ್ದೋಳು ನಿನ್ ಮಾತ್ನಾಗೆ ಇದ್ದೆ. ಅದ್ಕೇ ದಿನಾ ಬತ್ತಿದ್ದೆ."

"ನನ್ ಮ್ಯಾಲೆ ಸಿಟ್ಟು?"

"ಅದೆ. ಇರ್ಲಿ ಬುಡು, ಅದೊಂದ್ ಕಡೀಗೆ ಅದೆ. ಇನ್ನೊಂದ್ ಯೋಳು."

ಟ್ಯಾಬು ಊರಲ್ಲಿತ್ತು, ರೆಕಾರ್ಡ್ ಮಾಡಲು ಏನೂ ಇರಲಿಲ್ಲ. ಆದರೂ ಹೇಳಿದೆ. ನಿಮ್ಮ ಅಮ್ಮ ಚಿಕ್ಕವಳಿದ್ದಾಗ ಅಂಗನವಾಡಿಯಿಂದ ಅಕ್ಕನ ಸೊಂಟದ ಮೇಲೆ ಕುಳಿತು ಬರುತ್ತ, ನಾನು ಕೈ ಚಾಚಿದರೂ ಬರದೆ ಅವಳ ಕತ್ತು ತಬ್ಬಿಕೊಂಡು "ಅವ್ವ" ಎಂದದ್ದನ್ನು ಹೇಳಿದೆ. ಅದು ನಿಜ. ಮೂವತ್ತೈದು ವರ್ಷ ಒಪ್ಪಿಕೊಳ್ಳದಿದ್ದದ್ದನ್ನು ಅಂದು ಒಪ್ಪಿಕೊಂಡೆ. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ಗೊತ್ತಿತ್ತು," ಎಂದಳು. ಮೂರನೆಯ ದಿನ ಹೋದಳು.

ತೇಜಸ್ಸು, ಅವತ್ತು ನೀನು ಅತ್ತ ಅಳುವನ್ನು ಯಾರೂ ನಿಲ್ಲಿಸಲಾಗಲಿಲ್ಲ. ನಿನ್ನನ್ನು ತಬ್ಬಿಕೊಂಡು ಕುಳಿತಿದ್ದಾಗಲೂ, ನಾನು ಹೋದ ದಿನ ಇವನು ಇಷ್ಟು ಅಳುತ್ತಾನೆಯೇ ಎಂದು ನನಗನ್ನಿಸಿತು. ಬೇಡ ಅಂದರೂ ಅನ್ನಿಸಿತು. ಬರೆದಿಟ್ಟಿದ್ದೇನೆ.

ಅವಳ ಹೊಸ ಮನೆತನದ ಬೀಗದ ನಂಬರು ಯಾರಿಗೂ ತಿಳಿದಿರಲಿಲ್ಲ. ನಿಮ್ಮ ಅಮ್ಮ ಗುಂಡ್ಲುಪೇಟೆಗೆ ತೆಗೆದುಕೊಂಡು ಹೋದರೆ, ಒಳಗಿನದನ್ನೆಲ್ಲ ಅಳಿಸಿದರೆ ಮಾತ್ರ ಅವು ಮತ್ತೆ ತೆರೆಯುತ್ತವೆ ಎಂದರಂತೆ. ಅಳಿಸಿದರು. ಟ್ಯಾಬು ಈಗ ಸಿಂಚನಳ ಪಾಠಕ್ಕೆ. ಎರಡು ತಿಂಗಳು ನಾನು ಹೇಳಿದ್ದು, ನಡುನಡುವೆ ಅವಳು "ಊಂ, ಊಂ" ಎಂದದ್ದು, ಎಲ್ಲವೂ ಅದರೊಳಗಿತ್ತು.

ಹಾಗಾಗಿ ಕುಳಿತು ಬರೆಯುತ್ತಿದ್ದೇನೆ. ಅವಳಿಗೆ ಹೇಳಿದ್ದೆಲ್ಲ ಒಂದೊಂದಾಗಿ ಇದರ ಹಿಂದಿನ ಹಾಳೆಗಳಲ್ಲಿ ಇದೆ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಅಕ್ಕ ನಕ್ಕದ್ದು, ಬೈದದ್ದು ಯಾವುದನ್ನೂ ಬಿಟ್ಟಿಲ್ಲ. ಈ ಹಾಳೆಗಳ ಫೋಟೊ ತೆಗೆದು ಫೋನಿಗೆ ಹಾಕಿಕೊಂಡು, ಆಯಿತಲ್ಲ ಎಂದು ಇವನ್ನು ಎಸೆಯಬೇಡಿ ಮಕ್ಕಳೇ. ಕಾಗದವನ್ನೇ ಇಟ್ಟುಕೊಳ್ಳಿ. ನಿಮ್ಮಲ್ಲಿ ಒಬ್ಬರು ಇಟ್ಟುಕೊಂಡರೆ ಇನ್ನೊಬ್ಬರಿಗೆ ಹೊಟ್ಟೆ ಉರಿದೀತು, ಅದಕ್ಕೆ ಎರಡು ಪ್ರತಿ ಬರೆದಿದ್ದೇನೆ.